ತಮಟೆ ನಿಲ್ಲುವ ಹೊತ್ತಿಗೆ

ಹುಣಸೆ ಬಡಿಯುವ ಕೆಲಸ ಮುಗಿದ ಮೇಲೆ ಬರುವ ಸೋಮವಾರ ನಮ್ಮೂರಿನವರೆಲ್ಲ ಒಂದೊಂದು ಮನೆ ಮುಂದಕ್ಕೆ ಹೋಗುತ್ತಾರೆ. ಊರೆಂದರೆ ಗುಡ್ಡವನ್ನು ಸುತ್ತಿಕೊಂಡಿರುವ ಒಂದೇ ಬೀದಿ. ಬೀದಿಯ ಎರಡು ತುದಿಯೂ ಬಾವಿಕಟ್ಟೆಯ ಹತ್ತಿರ ಕೂಡುವುದರಿಂದ ಕೊನೆಯ ಮನೆಯವರು ಮೊದಲನೆಯ ಮನೆಗೆ ಬರುತ್ತಾರೆ, ಮೊದಲನೆಯವರು ಎರಡನೆಯದಕ್ಕೆ ಹೋಗುತ್ತಾರೆ. ಬೆಳಿಗ್ಗೆ ತಮಟೆ ಶುರುವಾಗುತ್ತದೆ. ಸಾಮಾನು, ಮಂಚ, ಮಕ್ಕಳು, ಕೋಳಿ ಎಲ್ಲ ಹೊರಗೆ ಬರುತ್ತವೆ. ಎಲ್ಲ ಮನೆಯವರೂ ಹೊರಗೆ ಬಂದರೆಂದು ಖಾತ್ರಿಯಾದ ಮೇಲೆ ತಮಟೆ ನಿಲ್ಲುತ್ತದೆ, ಆಮೇಲೆ ಮುಂದಿನ ಹೊಸ್ತಿಲು ದಾಟುವುದು. ಅಂಗಡಿ, ಗಿರಣಿ, ಶಾಲೆ ಇದ್ದಲ್ಲೇ ಇರುತ್ತವೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊಸ ಮನೆಯಲ್ಲಿ ಉಂಡು ಮಲಗಿರುತ್ತಾರೆ.

ಇದರಿಂದ ಇಲ್ಲಿಯವರಿಗೆ ಕೆಲವು ಅಭ್ಯಾಸಗಳಾಗಿವೆ. ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ವರ್ಷ ಹೇಳುವುದಿಲ್ಲ, 'ಎರಡು ಕಿಟಕಿ ಮನೇಲಿದ್ದಾಗ' ಅನ್ನುತ್ತಾರೆ. ಬೀದಿಯಲ್ಲಿ ಸೋರುವ ಮನೆ ಅಂತ ಒಂದಿದೆ. ಮುಂದಿನ ಸಲ ಅದು ಬರುತ್ತದೆ ಎಂದು ಗೊತ್ತಿರುವವರು ಒಂದು ವರ್ಷ ಮುಂಚಿನಿಂದಲೇ ಮುಖ ಗಂಟು ಹಾಕಿಕೊಂಡಿರುತ್ತಾರೆ. ಬಚ್ಚಲು ಉಜ್ಜದೆ ಬಿಟ್ಟುಹೋದರೆ ಬೈಯುವವರು ದೂರವೇನೂ ಇರುವುದಿಲ್ಲ, ಪಕ್ಕದ ಮನೆಯಲ್ಲೇ ಇರುತ್ತಾರೆ. ಸರದಿ ಬದಲಾಗುವುದಿಲ್ಲ, ಹಿಂದಿನವರು ಯಾವಾಗಲೂ ಹಿಂದಿನವರೇ. ನಮ್ಮ ಹಿಂದಿನವರು ದೇವೀರಮ್ಮ ಮತ್ತು ಅವರ ಗಂಡ ಚೆಲುವಯ್ಯ. ನಾವು ಬಿಟ್ಟ ಮನೆಗೆ ಅವರು ಬರುತ್ತಾರೆ, ಅವ್ವ ಬಿಟ್ಟ ಒಲೆಯಲ್ಲಿ ದೇವೀರಮ್ಮ ಅಡುಗೆ ಮಾಡುತ್ತಾರೆ.

ನನ್ನ ಅಪ್ಪ ಅವ್ವ ಈ ಊರಿನವರಲ್ಲ. ದೊಡ್ಡ ಬಯಲಿನ ಆಚೆಯಿಂದ, ಮನೆಗಳು ನಿಂತಲ್ಲೇ ನಿಲ್ಲುವ ಸೀಮೆಯಿಂದ, ಮದುವೆಯಾದ ಹೊಸದರಲ್ಲಿ ಬಂದವರು. ಇಲ್ಲಿ ದರ್ಜಿ ಇಲ್ಲವೆಂದು ಯಾರೋ ಹೇಳಿದ್ದರಂತೆ. ಆಗ ಒಂದು ಮನೆತನದಲ್ಲಿ ಯಾರೂ ಉಳಿಯದೆ ಸರದಿಯಲ್ಲಿ ಜಾಗ ಖಾಲಿ ಇತ್ತು, ಸಿಕ್ಕಿತು. ಮನೆ ಸರಿಯುವ ವಿಷಯ ಯಾರೂ ಹೇಳಲಿಲ್ಲ. ಎಲ್ಲ ಕಡೆಯೂ ಹೀಗೇ ಅಂತ ಊರಿನವರು ತಿಳಿದಿದ್ದರು. ಮೊದಲ ಸಲ ತಮಟೆ ಬಡಿದಾಗ ಅಪ್ಪ ತನ್ನನ್ನು ಊರು ಬಿಡಿಸಲು ಬಂದರೆಂದು ತಿಳಿದು ದೊಡ್ಡ ಕತ್ತರಿ ಹಿಡಿದು ಬಾಗಿಲಲ್ಲಿ ನಿಂತನಂತೆ. ಜನ ಅವನನ್ನು ಸಮಾಧಾನ ಮಾಡಿ ಮುಂದಿನ ಮನೆಗೆ ಕರೆದುಕೊಂಡು ಹೋದರು. ಎರಡನೆಯ ವರ್ಷ ತಾನೇ ಸಾಮಾನು ಹೊತ್ತು ಹೊರಟ, ಆದರೆ ಬಿಟ್ಟ ಮನೆಗೆ ಬೀಗ ಜಡಿದು ಕೀಲಿಕೈ ಜೇಬಿಗೆ ಹಾಕಿಕೊಂಡುಬಿಟ್ಟ. ದೇವೀರಮ್ಮ ಮೂಟೆ ಹೊತ್ತುಕೊಂಡು ಬೀಗದ ಮುಂದೆ ನಿಂತು ನಗುತ್ತಲೇ ಇದ್ದರಂತೆ. ಆ ಕತೆಯನ್ನು ಇಂದಿಗೂ ಹೇಳುತ್ತಾರೆ. ಅಪ್ಪನಿಗೆ ಅದರಲ್ಲಿ ನಗುವಂಥದ್ದು ಏನಿದೆ ಎಂದು ಇಂದಿಗೂ ತಿಳಿದಿಲ್ಲ.

ಮನೆ ಯಾವುದಾದರೇನು, ಒಳಗೆ ಮಾತ್ರ ಏನೂ ಬದಲಾಗಬಾರದೆಂದು ಅಪ್ಪನ ಹಟ. ದೇವರ ಪಟ ಮೂಡಣ ಗೋಡೆಗೆ. ನನಗೆ ಎರಡು ಜಡೆ. ಎರಡು ಹೊತ್ತೂ ಜೋಳದ ರೊಟ್ಟಿ. ದೀಪ ಹಚ್ಚುವುದರೊಳಗೆ ಒಳಗಿರಬೇಕು. ಊರ ಮಾತು ಮನೆಯೊಳಗೆ ಬರಕೂಡದು. ಶಾಲೆಯಿಂದ ಬಂದು 'ಹೊಟ್ಟೆ ಹಸೀತಿದೆ' ಅಂದರೆ ಅವ್ವ ಕಿವಿ ಕೇಳದವಳ ಹಾಗೆ ಕೂತಿರುತ್ತಿದ್ದಳು. 'ಹೊಟ್ಟಿ ಹಸದೈತಿ' ಅಂದಮೇಲೆ ರೊಟ್ಟಿ ಬರುತ್ತಿತ್ತು. ಅಕ್ಕಪಕ್ಕದವರೊಡನೆ ಹೆಚ್ಚು ಬಳಕೆ ಬೇಡ ಎಂದು ಅಪ್ಪ ಹೇಳಿದ್ದರಿಂದ ಅವ್ವ ದೇವೀರಮ್ಮನ ಜೊತೆ ಬಾವಿಯ ಹತ್ತಿರ ಎರಡು ಮಾತು ಆಡಿದರೆ ಹೆಚ್ಚು. ಆದರೂ ದೇವೀರಮ್ಮ ನನ್ನನ್ನು ಕಂಡಾಗಲೆಲ್ಲ, "ನಿಮ್ಮವ್ವ ಒಲೆ ಸಾರಿಸಿಟ್ಟು ಹೋಗೋ ಹಂಗೆ ಈ ಬೀದೀಲಿ ಯಾರೂ ಹೋಗಕ್ಕಿಲ್ಲ ಕಣವ್ವ" ಅನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇದೆ, ನನ್ನ ತಲೆ ಕೆಟ್ಟದ್ದು ಅದರಿಂದ. ತಮಟೆ ನಿಂತಾಗ ಮನೆಯೊಳಗೆ ಯಾರಾದರೂ ಒಬ್ಬರು ಕೂತಿದ್ದರೆ ಅವರು ಮುಂದಿನ ಸಲದವರೆಗೆ ಆ ಮನೆಯವರು. ಹೊಸದಾಗಿ ಬರುವ ಸಂಸಾರದ ಜೊತೆ ಒಂದು ವರ್ಷ ಇರುತ್ತಾರೆ. ಒಬ್ಬರು ಮಾತ್ರ; ಇಬ್ಬರು ಕೂತರೆ ತಮಟೆ ನಿಲ್ಲಿಸುವುದಿಲ್ಲ. ಇದಕ್ಕೆ ಉಳಿಯುವುದು ಅನ್ನುತ್ತಾರೆ. ಹುಡುಗರು ಹುಡುಗಿಯರು ಇಪ್ಪತ್ತರ ಆಸುಪಾಸಿಗೆ ಒಂದು ಸಲ ಉಳಿದೇ ಉಳಿಯುತ್ತಾರೆ, ತಾಯ್ತಂದೆ ಅದನ್ನು ಹಲ್ಲು ಬೀಳುವಷ್ಟೇ ಸಹಜವಾಗಿ ತೆಗೆದುಕೊಳ್ಳುತ್ತಾರೆ. ನನ್ನ ಜೊತೆ ಓದಿದ ರತ್ನಿ ಒಂದು ವರ್ಷ ಉಳಿದು ಬಂದವಳು, ತನಗೆ ಹುಳಿ ಸೇರುವುದಿಲ್ಲ ಅಂದಳು. ಮತ್ತೆ ಇಷ್ಟು ವರ್ಷ ತಿಂದೆಯಲ್ಲೇ ಎಂದು ಕೇಳಿದೆ. "ಅಮ್ಮ ಮಾಡ್ತಿದ್ರು, ತಿಂತಿದ್ದೆ. ಸೇರಲ್ಲ ಅಂತ ಗೊತ್ತಾಗೋಕೆ ಪುರುಸೊತ್ತು ಬೇಕಲ್ಲ" ಅಂದಳು. ಆ ರಾತ್ರಿ ಯೋಚನೆ ಮಾಡಿದೆ. ನನಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಒಂದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಅಪ್ಪನ ಮುಂದೆ ಈ ಪದ್ಧತಿಯ ಹೆಸರೆತ್ತುವ ಹಾಗಿಲ್ಲ. "ಹಡದ ಮಗಳನ್ನ ಇನ್ನೊಬ್ಬರ ಒಲಿಮುಂದ ಕುಂದರಿಸಿ ಹೋಗೂದಂತ. ಇವರೇನ್ ಮನುಷ್ಯಾರೋ ಏನ್ ಗಿಡಮಂಗ್ಯಾಗೋಳೋ" ಎಂದು ಪ್ರತಿ ವರ್ಷ ಒಂದು ಸಲ ಬೈದು ಮುಗಿಸುತ್ತಿದ್ದ. ನಾನು ಅಂಗಡಿಯಲ್ಲಿ ಅವನ ಪಕ್ಕ ಕೂತು ಅಂಗಿಗಳ ಗುಂಡಿಗೆ ಕಾಜಾ ಹಾಕುತ್ತ ಹೂಂ ಅನ್ನುತ್ತಿದ್ದೆ. ಅಪ್ಪ ಕೆಟ್ಟವನೆಂದು ಯಾರೂ ತಿಳಿಯಬಾರದು. ಗಿರಾಕಿಗಳ ಮುಂದೆ ನನ್ನ ಕಾಜಾ ತೋರಿಸಿ, "ಇದು ಮಷೀನ್ ಅಲ್ಲರೀ, ನಮ್ಮ ಸಾವಂತ್ರಿ ಕೈ" ಅನ್ನುತ್ತಿದ್ದ. ಈ ಊರಿನಲ್ಲಿ ಅವನ ಮಾತು ಆಡುವವರು ಮೂರೇ ಜನ. ನಾನು ಎದ್ದು ಹೋದರೆ ಇಬ್ಬರು, ಆ ಇಬ್ಬರೂ ತಮ್ಮ ತಮ್ಮಲ್ಲಿ ಮಾತಾಡುವುದು ಅಷ್ಟಕ್ಕಷ್ಟೆ. ಇದನ್ನೆಲ್ಲ ಯೋಚಿಸಿಯೇ ಎರಡು ಸಲ ಸುಮ್ಮನೆ ಮೂಟೆ ಹೊತ್ತು ಅವರ ಹಿಂದೆ ನಡೆದಿದ್ದೆ.

ಮೂರನೆಯ ಸಲಕ್ಕೆ ಮುಂಚೆ ಬಯಲಿನಾಚೆಯಿಂದ ಅರಿವೆ ವ್ಯಾಪಾರಿ ಬಂದ. ಅಪ್ಪನಿಗೆ ಬಟ್ಟೆಯ ತಾನುಗಳ ಜೊತೆ ಒಂದು ಗಂಡಿನ ಸುದ್ದಿಯನ್ನೂ ತಂದಿದ್ದ. ನಮ್ಮವರೇ, ದರ್ಜಿಯ ಮಗ, ಕೈಯಲ್ಲಿ ಸ್ವಂತ ಮಷಿನು. ಮಳೆಗಾಲ ಹಿಡಿಯುವ ಮೊದಲು ಅವರು ಬರುವುದು, ಅವ್ವ ನನ್ನ ಉಡಿ ತುಂಬಿ ಕಳಿಸುವುದು ಎಂದು ಅಂಗಡಿಯಲ್ಲೇ ಮಾತಾಯಿತು. ಉಡಿ ತುಂಬುವುದೆಂದರೆ ನಮ್ಮಲ್ಲಿ ದೊಡ್ಡ ವಿಷಯ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬನ್ನು ಮಗಳ ಸೆರಗಿಗೆ ಹಾಕುವವಳು ಹೆತ್ತವಳೇ ಆಗಬೇಕು, ಅದೂ ತನ್ನ ಗಂಡನ ಮನೆಯ ಒಲೆಯ ಮುಂದೆ ನಿಂತು. ತಾಯಿ ಬದುಕಿರುವಾಗ ಇನ್ನೊಬ್ಬರು ತುಂಬಿದರೆ ಮದುವೆ ಮದುವೆಯಲ್ಲ. ಗಂಡಿನ ಹೆಸರು ಏನೆಂದು ನಾನು ಕೇಳಿದೆ. ಅಪ್ಪ ನನ್ನನ್ನು ನೋಡಿ, "ಹೆಸರ ತಗೊಂಡ ಏನ್ ಮಾಡ್ತಿ? ನೀ ಕರಿಯೂದಿಲ್ಲಲ್ಲ" ಅಂದ. ವ್ಯಾಪಾರಿ ನಕ್ಕ. ನನಗೆ ಮೈ ಉರಿದುಹೋಯಿತು.

ಅಂದರೆ ಈ ಸಲ ಉಳಿಯದಿದ್ದರೆ ಮುಂದಿನ ಸಲ ನಾನು ಈ ಊರಿನಲ್ಲೇ ಇರುವುದಿಲ್ಲ. ಕಂಡಿಲ್ಲದ ಸೀಮೆಯಲ್ಲಿ, ಒಂದೇ ಮನೆಯಲ್ಲಿ, ಸಾಯುವವರೆಗೆ ಕಾಜಾ ಹಾಕಿಕೊಂಡಿರಬೇಕು. ಉಳಿದೆನೆಂದರೆ ಗಂಡಿನವರು ಆ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಹೋಗುತ್ತಾರೆ, ಇನ್ನೊಬ್ಬರ ಮನೆಯಲ್ಲಿ ಮಲಗಿದ ಹುಡುಗಿ ಎಂಬ ಹೆಸರು ಬಯಲಿನಾಚೆಗೆಲ್ಲ ಹರಡುತ್ತದೆ, ಅಪ್ಪ ಮತ್ತೆ ಆ ಕಡೆ ತಲೆಯೆತ್ತಿ ಹೋಗುವ ಹಾಗಿಲ್ಲ. ಗಿರಣಿಯಲ್ಲಿ ದೇವೀರಮ್ಮ ಸಿಕ್ಕಾಗ, ಈ ಸಲ ಉಳಿಯುತ್ತೇನೆ ಎಂದು ಹೇಳಿದೆ. ಅವರು ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, "ಉಳ್ಕೊಳ್ಳೋದಾದ್ರೆ ಉಳ್ಕೊ ಮಗ. ನಾನು ಬಾ ಅಂತ ಕರೆಯೋಕೂ ಇಲ್ಲ, ಬಂದಮ್ಯಾಕೆ ಹೋಗು ಅನ್ನೋಕೂ ಇಲ್ಲ" ಅಂದರು. ಒಂದು ಹೆಜ್ಜೆ ಹೋದವರು ತಿರುಗಿ, "ನಿಮ್ಮವ್ವಂಗೆ ಹೇಳಿದ್ದೀಯಾ?" ಎಂದು ಕೇಳಿದರು. ಇಲ್ಲವೆಂದೆ. "ಹೇಳ್ಬಿಡು. ಮುಚ್ಚುಮರೆ ನಿಮ್ಮ ಕಡೆಯೋರ ಅಭ್ಯಾಸ" ಅಂದರು.

ಭಾನುವಾರ ಅವ್ವ ನನ್ನ ತಲೆಗೆ ಎಣ್ಣೆ ಹಚ್ಚುವಾಗ ಹೇಳಿದೆ. ಅವಳ ಮುಖ ಕಾಣುವುದಿಲ್ಲವೆಂದೇ ಆ ಹೊತ್ತು ಆರಿಸಿಕೊಂಡಿದ್ದೆ. ಕೈ ಒಂದು ಗಳಿಗೆ ನಿಂತು ಮತ್ತೆ ತಿಕ್ಕತೊಡಗಿತು. ಅತ್ತು ರಂಪ ಮಾಡುತ್ತಾಳೆಂದು ಕಾಯುತ್ತಿದ್ದೆ. ಅವಳು, "ಅವರ ಮನ್ಯಾಗ ಮುಂಜಾನಿ ಎಷ್ಟೊತ್ತಿಗೆ ಏಳ್ತಾರ?" ಎಂದು ಕೇಳಿದಳು.

"ನಿದ್ದಿ ತಿಳಿದಾಗ ಏಳ್ತಾರ" ಅಂದೆ.

"ಒಲಿ ಯಾರ್ ಹಚ್ಚತಾರ?"

"ಯಾರ್ ಮೊದಲ ಎದ್ದಾರೋ ಅವರು. ಚೆಲುವಯ್ಯಾನೂ ಹಚ್ಚತಾನ."

"ಗಂಡಸು?" ಅಂದಳು ಅವ್ವ. ಆಮೇಲೆ, "ಉಳದವರಿಗೆ ಹಾಸಿಗಿ ಎಲ್ಲಿ ಹಾಸತಾರ?" ಎಂದಳು. ಕಿಟಕಿಯ ಕೆಳಗೆ ಎಂದು ಹೇಳಿದೆ. ನನ್ನನ್ನು ಬೈಯಲು ಇವಳು ಒಂದೊಂದೇ ಕಾರಣ ಕೂಡಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಬೈಯಲಿಲ್ಲ. ಎರಡು ಜಡೆ ಬಿಗಿಯಾಗಿ ಹೆಣೆದು, ಬೆನ್ನಿಗೆ ಒಂದು ಏಟು ಹಾಕಿ, "ಏಳ" ಅಂದಳು. ಎದ್ದೆ.

ಸೋಮವಾರ ತಮಟೆ ಶುರುವಾಯಿತು. ಅಪ್ಪನಿಗೆ ಏನೋ ವಾಸನೆ ಹತ್ತಿತ್ತು; ಮೂಟೆಗಳನ್ನೆಲ್ಲ ಹೊರಗೆ ಹಾಕಿದವನು ನನ್ನನ್ನು ತನ್ನ ಮುಂದೆ ನಡೆಯಲು ಹೇಳಿದ. ನಾನು ನಡೆಮನೆಯ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

"ಏಳ" ಅಂದ ಅಪ್ಪ.

"ನಾ ಉಳೀತೀನಿ ಅಪ್ಪಾ."

ಅವನು ಕೂಗಾಡಲಿಲ್ಲ. ನನ್ನ ಎದುರಿಗೆ ಬಂದು ತಾನೂ ಚಕ್ಕಳಮಕ್ಕಳ ಹಾಕಿದ. "ಹಂಗಾದ್ರ ನಾನೂ ಏಳೂದಿಲ್ಲ. ಬಡೀಲಿ ಎಷ್ಟ ಬಡೀತಾರೋ" ಅಂದ.

ಊರು ಹುಟ್ಟಿದಾಗಿನಿಂದ ಇಂಥದ್ದು ಆಗಿರಲಿಲ್ಲ. ಒಂದು ಮನೆಯಲ್ಲಿ ಇಬ್ಬರು ಕೂತಿದ್ದರೆ ತಮಟೆ ನಿಲ್ಲುವುದಿಲ್ಲ, ತಮಟೆ ನಿಲ್ಲದೆ ಯಾರೂ ಮುಂದಿನ ಹೊಸ್ತಿಲು ದಾಟುವುದಿಲ್ಲ. ಗುಡ್ಡದ ಸುತ್ತ ಇಡೀ ಊರು ಮಂಚ, ಪಾತ್ರೆ, ಕೋಳಿಗೂಡುಗಳ ಸಮೇತ ಬೀದಿಯಲ್ಲಿ ನಿಂತಿತು. ಆ ವರ್ಷ ತಮಟೆಯ ಸರದಿ ಇದ್ದ ಮಾಯಣ್ಣ ಕೈ ಸೋತು ಮಗನಿಗೆ ಕೊಟ್ಟ. ಬಿಸಿಲು ಏರಿತು. ಜನ ತಾವಾಗಿ ಒಳಗೆ ನುಗ್ಗಿ ನನ್ನನ್ನು ಎಳೆದು ಹೊರಗೆ ಹಾಕುತ್ತಾರೆ ಎಂದು ಅಪ್ಪ ಲೆಕ್ಕ ಹಾಕಿದ್ದ. ಬಯಲಿನಾಚೆಯ ಮಂದಿಯಾಗಿದ್ದರೆ ಹಾಗೆಯೇ ಮಾಡುತ್ತಿದ್ದರೋ ಏನೋ. ಇಲ್ಲಿಯವರು ಮಂಚಗಳನ್ನು ಇದ್ದಲ್ಲೇ ಇಳಿಸಿ ಅವುಗಳ ಮೇಲೆ ಕೂತರು. ಯಾರೋ ಮೂರು ಕಲ್ಲು ಹೂಡಿ ಬೀದಿಯಲ್ಲೇ ಉಪ್ಪಿಟ್ಟು ಕೆದಕಿದರು. ಒಗ್ಗರಣೆಯ ವಾಸನೆ ಒಳಗೆ ಬಂತು. ದೇವೀರಮ್ಮ ಬಾಗಿಲಲ್ಲಿ ಇಣುಕಿ, "ದ್ಯಾಮಣ್ಣಾವ್ರೇ, ನಿಮ್ಗೂ ಒಂದು ತಟ್ಟೆ ಕೊಡ್ಲಾ?" ಎಂದು ಕೇಳಿದರು. ಅಪ್ಪ ಬೇರೆ ಕಡೆ ನೋಡಿದ.

"ನಿನ್ನ ಮಾರಾಕ ಹೊಂಟೀನೇನವಾ ನಾನು?" ಅಂದ ಆಮೇಲೆ, ಮೆತ್ತಗೆ. "ನಮ್ಮವರ ಕಡೆ ಕಳಸಾಕತ್ತೀನಿ. ಇಲ್ಲೆ ನಮಗ ಯಾರದಾರ? ನಾಳೆ ನಾ ಸತ್ತರ ನನ್ನ ಮಾತಿನ್ಯಾಗ ಅಳವರು ಒಬ್ಬರರ ಇದ್ದಾರೇನು?"

ಕಣ್ಣು ತುಂಬಿ ಬಂತು. ಏಳಬೇಕು ಅನ್ನಿಸಿತು, ಎದ್ದರೆ ಮುಗಿಯಿತು ಅಂತಲೂ ಅನ್ನಿಸಿತು. "ನನಗ ಒಂದ ವರ್ಷ ಕೊಡು ಅಪ್ಪಾ" ಅಂದೆ. "ಒಂದ ವರ್ಷ ಕೊಟ್ಟರ ನೀ ಈಗಿನ ನೀನಾಗಿ ತಿರುಗಿ ಬರೂದಿಲ್ಲ" ಅಂದ. ಅದು ನಿಜವೇ. ನಾನು ಕೇಳುತ್ತಿದ್ದದ್ದೂ ಅದನ್ನೇ.

ಅವ್ವ ಆವರೆಗೆ ಹೊರಗೆ ಪಾತ್ರೆಯ ಬುಟ್ಟಿ ತಲೆಯ ಮೇಲೆ ಹೊತ್ತುಕೊಂಡೇ ನಿಂತಿದ್ದಳು, ಇಳಿಸಿರಲಿಲ್ಲ. ಈಗ ಒಳಗೆ ಬಂದಳು. ಇಬ್ಬರನ್ನೂ ನೋಡಿದಳು. ಬುಟ್ಟಿ ಇಳಿಸಿ ನನ್ನ ಮುಂದಿಟ್ಟು, "ಏಳ. ಇದನ್ನ ಹೊತಗೊಂಡ ಅಪ್ಪನ ಕೂಡ ನಡಿ" ಅಂದಳು.

ಹುಟ್ಟಿದಾಗಿನಿಂದ ಅವ್ವ ಏಳು ಅಂದರೆ ಎದ್ದವಳು ನಾನು. ಯಾಕೆ, ಏನು ಎಂದು ಯೋಚಿಸುವುದರೊಳಗೆ ಕಾಲುಗಳು ಎದ್ದು ನಿಂತಿದ್ದವು, ಬುಟ್ಟಿ ತಲೆಯ ಮೇಲಿತ್ತು. ನನ್ನ ಜೀವನದಲ್ಲಿ ನನ್ನ ಮೇಲೇ ನನಗೆ ಅಷ್ಟು ಅಸಹ್ಯ ಎಂದೂ ಆಗಿಲ್ಲ. ಅಪ್ಪ ಧಡಕ್ಕನೆ ಎದ್ದು ನನ್ನ ರಟ್ಟೆ ಹಿಡಿದ. ಗೆದ್ದವನ ಹಾಗೆ ಎದೆಯೆತ್ತಿ, ನನ್ನನ್ನು ಮುಂದೆ ಮಾಡಿಕೊಂಡು ಹೊಸ್ತಿಲು ದಾಟಿದ. ಬೀದಿಯ ಜನ ಉಸ್ಸೆಂದು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಮಾಯಣ್ಣನ ಮಗ ಒಳಗೆ ಇಣುಕಿ ನೋಡಿದ. ತಮಟೆ ನಿಂತಿತು.

ಅಷ್ಟೊಂದು ಹೊತ್ತು ಬಡಿದ ಮೇಲೆ ನಿಂತದ್ದಕ್ಕೆ ಕಿವಿ ಗುಂಯ್ ಅನ್ನುತ್ತಿತ್ತು. ಅಪ್ಪ ಮೂಟೆ ಎತ್ತಿಕೊಂಡು ಅವ್ವನಿಗೆ, "ಫಕೀರವ್ವಾ, ನಡಿ ನಡಿ" ಅಂದ. ಹಿಂದೆ ಯಾರೂ ಇರಲಿಲ್ಲ. ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ನಾನು ಕೂತಿದ್ದ ಜಾಗದಲ್ಲಿ ಅವ್ವ ಕೂತಿದ್ದಳು. ಸೆರಗು ಹೊದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು.

"ಹೊರಗ ಬಾ" ಅಂದ ಅಪ್ಪ.

"ತಮಟಿ ನಿಂತೈತಿ" ಅಂದಳು ಅವ್ವ.

"ನಿನಗೇನ್ ಹುಚ್ಚ ಹಿಡದೈತೇನ? ಈ ವಯಸ್ಸಿನ್ಯಾಗ?" ಅಪ್ಪ ಜನರ ಕಡೆ ತಿರುಗಿದ. "ಹೇಳ್ರಿ ಆಕೀಗೆ! ಇದು ಹುಡುಗೂರ ಆಟ ಅಲ್ಲೇನ್ರಿ?"

ಚೆಲುವಯ್ಯ ಗಡ್ಡ ಕೆರೆದುಕೊಂಡು, "ವಯಸ್ಸಿನ ಮಾತು ಯಾರೂ ಹೇಳಿಲ್ಲ ದ್ಯಾಮಣ್ಣಾವ್ರೇ. ಒಬ್ರು ಕೂತಿರ್ಬೇಕು ಅಷ್ಟೆ" ಅಂದ. ದೇವೀರಮ್ಮ, "ಅವ್ರು ಇನ್ನೂ ಒಂದು ಸಲನೂ ಉಳಿದಿಲ್ವಲ್ಲ, ಪಾಪ" ಅಂದರು. ಅಕ್ಕಪಕ್ಕದವರು ಅದು ಹೌದು ಎನ್ನುವಂತೆ ತಲೆಯಾಡಿಸಿ ತಮ್ಮ ತಮ್ಮ ಮಂಚ ಎತ್ತತೊಡಗಿದರು.

"ಮಳಿಗಾಲಕ್ಕ ಮೊದಲ ಬೀಗರು ಬರ್ತಾರ" ಅಂದ ಅಪ್ಪ. "ಹುಡುಗಿ ಉಡಿ ಯಾರ್ ತುಂಬ್ತಾರ?"

"ನಾನ ತುಂಬಬೇಕು" ಅಂದಳು ಅವ್ವ. "ನಿನ್ನ ಒಲಿಮುಂದ ನಿಂತ ತುಂಬಬೇಕು. ಈ ವರ್ಷ ಹೆಂಗಾಗ್ತೈತಿ? ನಾ ಇನ್ನೊಬ್ಬರ ಮನ್ಯಾಗ ಅದೀನಿ. ತಪ್ಪು ನಂದು ಅಂತ ಹೇಳಿ ಕಳಸು, ಹುಡುಗೀದಲ್ಲ. ಮುಂದಿನ ವರ್ಷ ಬರ್ರಿ, ಅಷ್ಟರಾಗ ಆಕೀನ್ನೂ ಒಂದ ಮಾತ ಕೇಳೋಣು."

ದೇವೀರಮ್ಮ ಮೂಟೆ ಹೊತ್ತು ನಮ್ಮ ಪಕ್ಕದಿಂದ ಒಳಗೆ ಹೋದರು. ಹೋಗುವಾಗ ನನ್ನ ಕೆನ್ನೆ ತಟ್ಟಿದರು. ಬೀದಿ ನಿಧಾನವಾಗಿ ಖಾಲಿಯಾಯಿತು. ಕೊನೆಗೆ ಅಪ್ಪ ಮುಂದಿನ ಮನೆಯ ಕಡೆ ನಡೆದ, ನಾನು ಬುಟ್ಟಿ ಹೊತ್ತು ಅವನ ಹಿಂದೆ ನಡೆದೆ.

ನಿಜ ಹೇಳುತ್ತೇನೆ, ನನಗೆ ಬಂದದ್ದು ಸಿಟ್ಟು. ಈ ವರ್ಷ ಮದುವೆ ತಪ್ಪಿತೆಂಬ ಸಮಾಧಾನ ಆಮೇಲೆ ಬಂತು, ಅವ್ವ ನನ್ನ ಹೆಸರು ಉಳಿಸಿದಳೆಂಬ ತಿಳಿವಳಿಕೆಯೂ ಆಮೇಲೆಯೇ. ಮೊದಲು ಬಂದದ್ದು ಮಾತ್ರ, ಆ ಜಾಗ ನನ್ನದು, ಅಲ್ಲಿ ಕೂರುವಷ್ಟು ಧೈರ್ಯ ಮಾಡಿದ್ದು ನಾನು, ಕಿಟಕಿಯ ಕೆಳಗಿನ ಹಾಸಿಗೆ ನನ್ನದು ಎನ್ನುವ ಸಿಟ್ಟು. ಹೊಸ ಮನೆಯಲ್ಲಿ ಪಾತ್ರೆಗಳನ್ನು ಸದ್ದಾಗುವ ಹಾಗೆ ಇಳಿಸಿದೆ. ಅಪ್ಪ ದೇವರ ಪಟ ಹಿಡಿದುಕೊಂಡು ಮೂಡಣ ಗೋಡೆ ಯಾವುದೆಂದು ಹುಡುಕುತ್ತಿದ್ದ. ಪ್ರತಿ ಸಲ ಅದನ್ನು ತೋರಿಸುತ್ತಿದ್ದವಳು ಅವ್ವ. ನಾನು ಗೊತ್ತಿದ್ದೂ ತೋರಿಸಲಿಲ್ಲ. ಅವನು ಪಟವನ್ನು ನೆಲದ ಮೇಲೆ ಗೋಡೆಗೆ ಒರಗಿಸಿಟ್ಟ.

ಸಂಜೆ ಅವನು ಒಲೆಯನ್ನೂ ನನ್ನನ್ನೂ ನೋಡಿದ. ಹಚ್ಚು ಎಂದು ಹೇಳುತ್ತಾನೆ, ಆಗುವುದಿಲ್ಲ ಎಂದು ಹೇಳಬೇಕು ಎಂದು ಮಾತು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದೆ. ಅವನು ಹೇಳಲಿಲ್ಲ. ಕಡ್ಡಿಪೆಟ್ಟಿಗೆ ಹುಡುಕಿದ, ಸಿಗಲಿಲ್ಲ, ಬಂದು ಪಕ್ಕದ ಮನೆಯ ಕಡೆಯ ಗೋಡೆಗೆ ಒರಗಿ ಕೂತ. ಒಮ್ಮೆಲೇ ಮುದುಕನಾದ ಹಾಗೆ ಕಂಡ. ನನಗೆ ಅಯ್ಯೋ ಅನ್ನಿಸಿತು, ಅದಕ್ಕೂ ಸಿಟ್ಟು ಬಂತು.

ಆಗ ಗೋಡೆಯಾಚೆ ಯಾರೋ ನಕ್ಕರು. ದೇವೀರಮ್ಮನ ನಗು ನನಗೆ ಗೊತ್ತು, ಗಿರಣಿಯ ಸದ್ದನ್ನೂ ಮೀರಿ ಕೇಳುವಂಥದ್ದು. ಅದರ ಜೊತೆಗೆ ಇನ್ನೊಂದಿತ್ತು. ದಪ್ಪ ದನಿಯ, ಹೊಟ್ಟೆಯಿಂದ ಬರುವ, ತಡೆಯಲು ನೋಡಿ ತಡೆಯಲಾಗದೆ ಮತ್ತೆ ಮತ್ತೆ ಉಕ್ಕುವ ನಗು. ನಡುವೆ ಕೆಮ್ಮು ಬಂದು, ಕೆಮ್ಮಿನ ಮೇಲೂ ನಗು.

"ಯಾರದು ನಗಾಕತ್ತವರು?" ಅಂದ ಅಪ್ಪ.

ನಾನು ಕಿವಿಗೊಟ್ಟು ಕೇಳಿದೆ. ನನಗೂ ಮೊದಲು ಗುರುತು ಹತ್ತಲಿಲ್ಲ.

"ಅವ್ವ" ಅಂದೆ.

"ಅಲ್ಲ" ಅಂದ ಅಪ್ಪ. "ಆಕಿ ದನಿ ಹಂಗಿಲ್ಲ." ಹಾಗೆ ಹೇಳಿ ಗೋಡೆಗೆ ಇನ್ನೊಂದು ಚೂರು ಹತ್ತಿರ ಸರಿದು ಕೂತ.